ರಾಜೀನಾಮೆ ಕೊಟ್ಟವರನ್ನು ಅನರ್ಹ ಮಾಡಿದ್ದು ಹೇಗೆ? ಎಚ್. ವಿಶ್ವನಾಥ್ ರಾಜಕೀಯ ಬದುಕಿನಿಂದ ಪಕ್ಷಾಂತರ ಕಾನೂನನ್ನು ಓದೋಣ

ಶಾಸಕರೊಬ್ಬರು ರಾಜೀನಾಮೆ ಕೊಟ್ಟಾಯ್ತು. ನನಗೆ ಈ ಸ್ಥಾನ ಬೇಡ ಅಂತ ಬರೆದುಕೊಟ್ಟು ಹೊರಟರು. ಅಂಥವರನ್ನು ಮತ್ತೆ ಹಿಡಿದು ‘ನೀನು ಅನರ್ಹ’ ಅನ್ನೋದರಲ್ಲಿ ಏನರ್ಥ? ಹೋದವರನ್ನು ಹೊರಗೆ ಹಾಕೋದು ಹೇಗೆ?

ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಕಡೆಯ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದ 2019ರ ಜುಲೈನಲ್ಲಿ ಈ ಪ್ರಶ್ನೆ ಕೇಳದವರು ಕರ್ನಾಟಕದಲ್ಲಿ ಕಡಿಮೆ. ‘ಅನರ್ಹ ಶಾಸಕರು’ ಅನ್ನೋ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಆದರೆ ರಾಜೀನಾಮೆಗೂ ಅನರ್ಹತೆಗೂ ವ್ಯತ್ಯಾಸ ಏನು, ಸೋತ ಮೇಲೂ ಒಬ್ಬರು ಮಂತ್ರಿಯಾಗಿ ಇನ್ನೊಬ್ಬರು ಆಗಲಿಲ್ಲ ಯಾಕೆ, ಇದೆಲ್ಲ ಇವತ್ತಿಗೂ ಬಹಳ ಜನಕ್ಕೆ ಗೋಜಲಾಗಿಯೇ ಇದೆ. ಕಾನೂನಿನ ಪುಸ್ತಕ ತೆರೆದು ಕೂತರೆ ಇನ್ನೂ ಗೋಜಲು. ಅದಕ್ಕೆ ಒಬ್ಬರ ರಾಜಕೀಯ ಬದುಕನ್ನು ಹಿಡಿದು ಹೋಗೋಣ. ಈ ಕಾನೂನಿನ ಹೆಚ್ಚುಕಡಿಮೆ ಎಲ್ಲ ಬಾಗಿಲುಗಳನ್ನೂ ತಟ್ಟಿ ನೋಡಿದವರು ಅಡಗೂರು ಎಚ್. ವಿಶ್ವನಾಥ್. ಅವರನ್ನು ಹೊಗಳೋದು ಅಥವಾ ತೆಗಳೋದು ನನ್ನ ಉದ್ದೇಶ ಅಲ್ಲ. ಅವರ ಹಾದಿಯಲ್ಲಿ ಕಾನೂನು ಎಲ್ಲಿ ತಡೆಯಿತು, ಎಲ್ಲಿ ಬಿಟ್ಟಿತು ಅನ್ನೋದು ತುಂಬಾ ಸ್ಪಷ್ಟವಾಗಿ ಕಾಣುತ್ತೆ, ಅಷ್ಟೇ.

ವಿಶ್ವನಾಥ್ ಮೈಸೂರು ಜಿಲ್ಲೆಯವರು, ವಕೀಲಿ ಓದಿದವರು. 1978ರಲ್ಲಿ ಕೃಷ್ಣರಾಜನಗರದಿಂದ ಕಾಂಗ್ರೆಸ್ ಶಾಸಕರಾದರು. ಆಮೇಲೆ 1989ರಲ್ಲಿ, ಮತ್ತೆ 1999ರಲ್ಲಿ ಅದೇ ಕ್ಷೇತ್ರದಿಂದ ಗೆದ್ದರು. ವೀರಪ್ಪ ಮೊಯಿಲಿ ಸಂಪುಟದಲ್ಲಿ ಇದ್ದರು, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಶಿಕ್ಷಣ ಖಾತೆ ನೋಡಿಕೊಂಡರು. 2009ರಲ್ಲಿ ಮೈಸೂರಿನಿಂದ ಲೋಕಸಭೆಗೆ ಹೋದರು. 2014ರಲ್ಲಿ ಅಲ್ಲೇ ಬಿಜೆಪಿಯ ಪ್ರತಾಪ್ ಸಿಂಹ ಎದುರು ಸೋತರು. ಅಲ್ಲಿಯವರೆಗೆ ಅವರು ಹಳೇ ಕಾಂಗ್ರೆಸ್ಸಿಗರು. 2006ರಲ್ಲಿ ಸಿದ್ದರಾಮಯ್ಯ ಕಾಂಗ್ರೆಸ್ ಸೇರುವಾಗ ನೆರವಾದವರಲ್ಲಿ ತಾವೂ ಒಬ್ಬರು ಅಂತ ಅವರೇ ಹೇಳುತ್ತಾ ಬಂದಿದ್ದಾರೆ. ಮುಂದೆ ಅದೇ ಸಿದ್ದರಾಮಯ್ಯ ಮುಖ್ಯಮಂತ್ರಿಯಾದಾಗ ಇಬ್ಬರಿಗೂ ಸರಿಹೋಗಲಿಲ್ಲ. 2017ರಲ್ಲಿ ವಿಶ್ವನಾಥ್ ಕಾಂಗ್ರೆಸ್ ಬಿಟ್ಟು ಜೆಡಿಎಸ್ ಸೇರಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. 2017ರಲ್ಲಿ ಅವರು ಪಕ್ಷ ಬದಲಿಸಿದಾಗ ಯಾವ ಕಾನೂನೂ ಅವರನ್ನು ಮುಟ್ಟಲಿಲ್ಲ. ಯಾಕೆ? ಆಗ ಅವರು ಶಾಸಕರೂ ಅಲ್ಲ, ಸಂಸದರೂ ಅಲ್ಲ. ಪಕ್ಷಾಂತರ ನಿಷೇಧ ಕಾನೂನು ಹಿಡಿಯೋದು ಸದನದ ಸದಸ್ಯರನ್ನು ಮಾತ್ರ. ನಾನು ನೀವು, ಪಕ್ಷದ ಕಾರ್ಯಕರ್ತರು, ಸೋತ ಅಭ್ಯರ್ಥಿ, ಮಾಜಿ ಮಂತ್ರಿ, ಯಾರು ಬೇಕಾದರೂ ಬೆಳಿಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ ಅಂತ ಓಡಾಡಬಹುದು. ಒಂದು ಪಕ್ಷದ ಚಿಹ್ನೆ ತೋರಿಸಿ ಜನರಿಂದ ಓಟು ಪಡೆದು, ಆ ಓಟಿನ ಮೇಲೆ ಸಿಕ್ಕ ಕುರ್ಚಿಯಲ್ಲಿ ಕೂತುಕೊಂಡು ಪಕ್ಷ ಬಿಟ್ಟರೆ ಮಾತ್ರ ತಕರಾರು. ಈ ಕಾನೂನು ಕಾಯೋದು ಆ ಕುರ್ಚಿಯನ್ನು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದ್ದು ಅರ್ಧ ಅರ್ಥವಾದ ಹಾಗೆ.

2018ರ ಚುನಾವಣೆಯಲ್ಲಿ ವಿಶ್ವನಾಥ್ ಹುಣಸೂರಿನಲ್ಲಿ ಜೆಡಿಎಸ್ ಟಿಕೆಟ್ ಮೇಲೆ ನಿಂತು ಕಾಂಗ್ರೆಸ್‌ನ ಎಚ್.ಪಿ. ಮಂಜುನಾಥ್ ಅವರನ್ನು ಸೋಲಿಸಿದರು. ಈಗ ಅವರು ಕುರ್ಚಿಯಲ್ಲಿದ್ದಾರೆ. ಈಗ ಕಾನೂನು ಅನ್ವಯಿಸುತ್ತೆ.

ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಆ ವರ್ಷವೇ ವಿಶ್ವನಾಥ್ ಜೆಡಿಎಸ್ ರಾಜ್ಯಾಧ್ಯಕ್ಷರೂ ಆದರು. 2019ರ ಲೋಕಸಭಾ ಚುನಾವಣೆಯಲ್ಲಿ ಮೈತ್ರಿ ಪಕ್ಷಗಳು ನೆಲಕಚ್ಚಿದವು. ರಾಜ್ಯದ 28 ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ ಒಂದು, ಜೆಡಿಎಸ್‌ಗೆ ಒಂದು. ವಿಶ್ವನಾಥ್ ಅಧ್ಯಕ್ಷ ಸ್ಥಾನ ಬಿಟ್ಟರು. ಜುಲೈ 6ರಂದು ಶಾಸಕ ಸ್ಥಾನಕ್ಕೂ ರಾಜೀನಾಮೆ ಬರೆದರು. ಅದೇ ದಿನ ಮೈತ್ರಿ ಪಕ್ಷಗಳ ಇನ್ನೂ ಹಲವು ಶಾಸಕರು ಬರೆದರು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಕಚೇರಿಯಲ್ಲಿ ಇರಲಿಲ್ಲ. ಪತ್ರ ಕೊಟ್ಟು, ರಾಜ್ಯಪಾಲರನ್ನೂ ಕಂಡು, ಬಹುತೇಕರು ಮುಂಬೈಗೆ ವಿಮಾನ ಹತ್ತಿದರು.

ಪಕ್ಷ ಬಿಡೋದಾದರೆ ಪಕ್ಷ ಬಿಟ್ಟರಾಯ್ತು, ಶಾಸಕ ಸ್ಥಾನವನ್ನೇ ಯಾಕೆ ಬಿಡಬೇಕು? ಉತ್ತರ ಸಂವಿಧಾನದ ಹತ್ತನೇ ಶೆಡ್ಯೂಲ್‌ನಲ್ಲಿದೆ.

ಹತ್ತನೇ ಶೆಡ್ಯೂಲ್ ಏನು ಹೇಳುತ್ತೆ

1967ರಲ್ಲಿ ಹರಿಯಾಣದ ಗಯಾಲಾಲ್ ಅನ್ನೋ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾರಾಂ ಗಯಾರಾಂ’ ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಆ ಕಾಲದಲ್ಲಿ ರಾಜ್ಯ ರಾಜ್ಯಗಳಲ್ಲೂ ಸರ್ಕಾರಗಳು ಹೀಗೇ ಬೀಳುತ್ತಿದ್ದವು. ಕೊನೆಗೆ 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಸಂವಿಧಾನದ 52ನೇ ತಿದ್ದುಪಡಿ ತಂದು ಹತ್ತನೇ ಶೆಡ್ಯೂಲ್ ಸೇರಿಸಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಅಂತ ಕರೆಯೋದು ಇದನ್ನೇ.

ಇದರ ಪ್ರಕಾರ ಒಂದು ಪಕ್ಷದಿಂದ ಗೆದ್ದವರು ಎರಡು ರೀತಿಯಲ್ಲಿ ಸ್ಥಾನ ಕಳೆದುಕೊಳ್ಳಬಹುದು. ಪಕ್ಷದ ಸದಸ್ಯತ್ವವನ್ನು ಸ್ವಂತ ಇಚ್ಛೆಯಿಂದ ಬಿಟ್ಟರೆ ಒಂದು. ಪಕ್ಷದ ವಿಪ್ (ಹೀಗೇ ಮತ ಹಾಕಿ ಅಂತ ಪಕ್ಷ ಕೊಡುವ ಆದೇಶ) ಮೀರಿ ಸದನದಲ್ಲಿ ಮತ ಹಾಕಿದರೆ ಅಥವಾ ಹಾಕದೆ ಉಳಿದರೆ ಇನ್ನೊಂದು. ಎರಡನೆಯದರಲ್ಲಿ ಪಕ್ಷ 15 ದಿನದೊಳಗೆ ಕ್ಷಮಿಸಬಹುದು. ಪಕ್ಷೇತರರು ಗೆದ್ದ ಮೇಲೆ ಯಾವ ಪಕ್ಷ ಸೇರಿದರೂ ಹೋಯಿತು. ಚುನಾವಣೆ ಇಲ್ಲದೆ ನಾಮಕರಣ ಆದವರಿಗೆ ಮಾತ್ರ ಪಕ್ಷ ಸೇರೋಕೆ ಆರು ತಿಂಗಳ ಅವಕಾಶ ಇದೆ.

‘ಸ್ವಂತ ಇಚ್ಛೆಯಿಂದ ಬಿಟ್ಟರೆ’ ಅಂದರೆ ರಾಜೀನಾಮೆ ಪತ್ರವನ್ನೇ ಬರೆಯಬೇಕು ಅಂತೇನೂ ಇಲ್ಲ. 1994ರಲ್ಲಿ ಗೋವಾದ ರವಿ ನಾಯಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಒಬ್ಬರ ನಡವಳಿಕೆ ನೋಡಿದರೆ ಪಕ್ಷ ಬಿಟ್ಟಿದ್ದಾರೆ ಅಂತ ಗೊತ್ತಾಗುವ ಹಾಗಿದ್ದರೆ ಸಾಕು. ಬಾಯಲ್ಲಿ ನಾನಿನ್ನೂ ಪಕ್ಷದಲ್ಲೇ ಇದ್ದೇನೆ ಅಂದರೂ, ಎದುರು ಪಕ್ಷದವರ ಜೊತೆ ಹೋಗಿ ಸರ್ಕಾರ ಬೀಳಿಸೋಕೆ ನಿಂತರೆ ಅದು ಪಕ್ಷ ಬಿಟ್ಟ ಹಾಗೇ.

ತಪ್ಪಿಸಿಕೊಳ್ಳುವ ದಾರಿ ಏನಾದರೂ ಇದೆಯಾ? ಇದೆ. ಮೊದಲು ಎರಡಿದ್ದವು. ಪಕ್ಷದ ಮೂರನೇ ಒಂದು ಭಾಗ ಶಾಸಕರು ಹೊರಬಂದರೆ ಅದನ್ನು ‘ವಿಭಜನೆ’ ಅಂತ ಒಪ್ಪುತ್ತಿದ್ದರು. ಅದರ ದುರುಪಯೋಗ ವಿಪರೀತ ಆಯಿತು, 2003ರ 91ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಉಳಿದಿರೋದು ‘ವಿಲೀನ’ ಮಾತ್ರ. ಮೂರನೇ ಎರಡು ಭಾಗ ಶಾಸಕರು ಒಪ್ಪಿ ಬೇರೆ ಪಕ್ಷದ ಜೊತೆ ವಿಲೀನ ಅಂದರೆ ಯಾರೂ ಅನರ್ಹರಲ್ಲ. ವಿಚಿತ್ರ ಅಂದರೆ ಕರ್ನಾಟಕದಲ್ಲಿ ಈ ಗಲಾಟೆ ನಡೆಯುತ್ತಿದ್ದ ಅದೇ ಜುಲೈ ತಿಂಗಳಲ್ಲಿ ಗೋವಾದಲ್ಲಿ ಕಾಂಗ್ರೆಸ್‌ನ 15 ಶಾಸಕರಲ್ಲಿ 10 ಜನ ಒಟ್ಟಿಗೆ ಬಿಜೆಪಿಗೆ ಹೋದರು. 15ರ ಮೂರನೇ ಎರಡು ಭಾಗ ಅಂದರೆ ಸರಿಯಾಗಿ 10. ಅವರು ಕುರ್ಚಿಯಿಂದ ಏಳಲೇ ಬೇಕಾಗಲಿಲ್ಲ. ಒಬ್ಬರು ಪಕ್ಷ ಬಿಟ್ಟರೆ ಅಪರಾಧ, ಗುಂಪಾಗಿ ಬಿಟ್ಟರೆ ವಿಲೀನ. ಮತದಾರರ ಕಡೆಯಿಂದ ನೋಡಿದರೆ ಎರಡೂ ಒಂದೇ ಅಲ್ವಾ? ನನಗಂತೂ ಈ ಭೇದ ಇವತ್ತಿಗೂ ಸರಿ ಅನಿಸಿಲ್ಲ.

ಕರ್ನಾಟಕದಲ್ಲಿ ಆ ದಾರಿ ಇರಲಿಲ್ಲ. ಜೆಡಿಎಸ್‌ನ 37ರಲ್ಲಿ 25 ಜನ ಬೇಕಿತ್ತು, ಹೊರಟಿದ್ದು ಮೂರು. ಕಾಂಗ್ರೆಸ್‌ನಲ್ಲಿ 50ಕ್ಕೂ ಹೆಚ್ಚು ಬೇಕಿತ್ತು, ಹೊರಟಿದ್ದು 14. ಹಾಗಾಗಿ ಪಕ್ಷ ಬಿಟ್ಟರೆ ಅನರ್ಹ, ವಿಪ್ ಮೀರಿದರೂ ಅನರ್ಹ. ಉಳಿದ ದಾರಿ ಒಂದೇ, ಸ್ಥಾನವನ್ನೇ ಬಿಡೋದು.

ರಾಜೀನಾಮೆಯ ಲೆಕ್ಕ

ಈ ದಾರಿಯನ್ನು ಕರ್ನಾಟಕ ಮೊದಲೇ ತುಳಿದಿತ್ತು. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಮ್ಮಿ ಬಿತ್ತು. ಪಕ್ಷೇತರರ ಬೆಂಬಲದಿಂದ ಸರ್ಕಾರ ಆಯಿತು. ಆಮೇಲೆ ವಿರೋಧ ಪಕ್ಷದ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಉಪಚುನಾವಣೆಯಲ್ಲಿ ಕಮಲದ ಚಿಹ್ನೆಯ ಮೇಲೆ ನಿಂತರು. ಆ ವರ್ಷದ ಡಿಸೆಂಬರ್‌ನಲ್ಲಿ ನಡೆದ 8 ಉಪಚುನಾವಣೆಗಳಲ್ಲಿ ಬಿಜೆಪಿ 5 ಗೆದ್ದಿತು. ‘ಆಪರೇಷನ್ ಕಮಲ’ ಅನ್ನೋ ಹೆಸರು ಬಂದದ್ದು ಆಗ. ಮುಂದೆ ಬೇರೆ ರಾಜ್ಯಗಳಲ್ಲೂ ಇದೇ ಹೆಸರು ಓಡಿತು.

2019ರಲ್ಲಿ ಲೆಕ್ಕ ಸ್ವಲ್ಪ ಬೇರೆ. ವಿಧಾನಸಭೆಯಲ್ಲಿ ಚುನಾಯಿತರು 224. ಬಹುಮತಕ್ಕೆ 113 ಬೇಕು. ಒಂದು ಉಪಚುನಾವಣೆ ಗೆದ್ದ ಮೇಲೆ ಬಿಜೆಪಿ ಹತ್ತಿರ ಇದ್ದಿದ್ದು 105. ಎಂಟು ಜನರನ್ನು ತನ್ನ ಕಡೆ ಎಳೆದುಕೊಂಡರೂ ಪ್ರಯೋಜನ ಇಲ್ಲ, ಅವರು ಅನರ್ಹರಾಗುತ್ತಾರೆ. ಆದರೆ 17 ಜನ ಸದನದಿಂದಲೇ ಹೊರಗೆ ಹೋದರೆ? 224ರಲ್ಲಿ 17 ಕಳೆದರೆ 207. 207ಕ್ಕೆ ಬಹುಮತ 104. ಬಿಜೆಪಿ ಹತ್ತಿರ ಆಗಲೇ 105 ಇದೆ. ಒಬ್ಬ ಶಾಸಕನೂ ಹೆಚ್ಚಾಗಲಿಲ್ಲ, ಆದರೂ ಅಲ್ಪಮತ ಬಹುಮತವಾಯಿತು. ಹತ್ತನೇ ಶೆಡ್ಯೂಲ್ ಬರೆದವರು ಶಾಸಕರು ಆಕಡೆಯಿಂದ ಈಕಡೆಗೆ ಜಿಗಿಯೋದನ್ನು ತಡೆಯೋಕೆ ಹೊರಟಿದ್ದರು. ಸದನವೇ ಚಿಕ್ಕದಾಗೋದನ್ನು ಅವರು ಯೋಚಿಸಿರಲಿಲ್ಲ ಅಂತ ಕಾಣುತ್ತೆ.

ಇನ್ನೊಂದು ಮಾತು. ರಾಜೀನಾಮೆ ಪತ್ರ ಕೊಟ್ಟ ತಕ್ಷಣ ಸ್ಥಾನ ಹೋಗಲ್ಲ. ಸಂವಿಧಾನದ 190ನೇ ವಿಧಿ ಪ್ರಕಾರ ಸ್ಪೀಕರ್ ಅದನ್ನು ಒಪ್ಪಬೇಕು. ಒತ್ತಡ ಹಾಕಿ, ಹೆದರಿಸಿ ಬರೆಸಿಕೊಂಡಿದ್ದಲ್ಲ, ಸ್ವಂತ ಮನಸ್ಸಿನಿಂದ ಕೊಟ್ಟಿದ್ದು, ನಿಜವಾದದ್ದು ಅಂತ ಅವರಿಗೆ ಅನಿಸಬೇಕು. 1974ರ 33ನೇ ತಿದ್ದುಪಡಿ ಸೇರಿಸಿದ ಮಾತು ಅದು. ಕರ್ನಾಟಕದಲ್ಲಿ ಎಳೆದಾಟ ಶುರುವಾದದ್ದು ಇಲ್ಲೇ. ರಾಜೀನಾಮೆಗಳು ಇನ್ನೂ ಅಂಗೀಕಾರ ಆಗಿಲ್ಲ, ಅಷ್ಟರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಕಡೆಯಿಂದ ಇವರನ್ನು ಅನರ್ಹಗೊಳಿಸಿ ಅಂತ ದೂರು ಸ್ಪೀಕರ್ ಮುಂದೆ ಇದೆ. ಶಾಸಕರು ಸುಪ್ರೀಂ ಕೋರ್ಟ್‌ಗೆ ಹೋದರು. ಸ್ಪೀಕರ್ ಮುಂದೆ ಹಾಜರಾಗಿ ಅಂತ ಕೋರ್ಟ್ ಹೇಳಿತು, ಜುಲೈ 11ರಂದು ಮುಂಬೈಯಿಂದ ಬಂದು ಹಾಜರಾದರು. ಜುಲೈ 17ರಂದು ಕೋರ್ಟ್ ಇನ್ನೊಂದು ಆದೇಶ ಕೊಟ್ಟಿತು. ರಾಜೀನಾಮೆ ಬಗ್ಗೆ ಯಾವಾಗ ತೀರ್ಮಾನ ಮಾಡಬೇಕು ಅನ್ನೋದು ಸ್ಪೀಕರ್‌ಗೆ ಬಿಟ್ಟಿದ್ದು, ಆದರೆ ಈ ಶಾಸಕರು ಸದನಕ್ಕೆ ಬರಲೇಬೇಕು ಅಂತ ಬಲವಂತ ಮಾಡುವಂತಿಲ್ಲ. ವಿಪ್‌ನ ಹಲ್ಲು ಅಲ್ಲೇ ಉದುರಿತು. ಜುಲೈ 23ರಂದು ವಿಶ್ವಾಸಮತ. ಪರ 99, ವಿರುದ್ಧ 105. ಹದಿನಾಲ್ಕು ತಿಂಗಳ ಸರ್ಕಾರ ಬಿತ್ತು.

ಸ್ಪೀಕರ್ ಜುಲೈ 25ರಂದು ಮೂವರನ್ನು, 28ರಂದು ವಿಶ್ವನಾಥ್ ಸೇರಿ 14 ಜನರನ್ನು ಅನರ್ಹಗೊಳಿಸಿದರು. ಅಷ್ಟೇ ಅಲ್ಲ, ಆ ವಿಧಾನಸಭೆಯ ಅವಧಿ ಮುಗಿಯುವ 2023ರವರೆಗೆ ಅನರ್ಹತೆ ಇರುತ್ತೆ ಅಂದರು. ಅಂದರೆ ಉಪಚುನಾವಣೆಗೂ ನಿಲ್ಲುವಂತಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ರಾಜೀನಾಮೆ ಕೊಟ್ಟವರನ್ನು ಅನರ್ಹ ಮಾಡೋದು ಹೇಗೆ? ಶಾಸಕರ ವಾದವೂ ಇದೇ ಆಗಿತ್ತು. ರಾಜೀನಾಮೆ ನಮ್ಮ ಹಕ್ಕು, ಅದನ್ನು ಕೊಟ್ಟ ಮೇಲೆ ಅನರ್ಹತೆ ಮಾತೇ ಇಲ್ಲ ಅಂತ. 2019ರ ನವೆಂಬರ್ 13ರಂದು ನ್ಯಾಯಮೂರ್ತಿ ಎನ್.ವಿ. ರಮಣ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. ಅನರ್ಹತೆ ಅನ್ನೋದು ಪಕ್ಷಾಂತರದ ಕೆಲಸ ನಡೆದ ದಿನಕ್ಕೆ ಅಂಟಿಕೊಳ್ಳುತ್ತೆ. ಆ ಕೆಲಸ ಆದ ಮೇಲೆ ರಾಜೀನಾಮೆ ಬರೆದರೆ ಹಿಂದೆ ಮಾಡಿದ್ದು ಅಳಿಸಿಹೋಗಲ್ಲ. ಹಾಗೆ ಅಳಿಸಿಹೋಗುತ್ತೆ ಅಂದರೆ ಎಲ್ಲರೂ ಸಿಕ್ಕಿಬೀಳುವ ಹೊತ್ತಿಗೆ ಒಂದು ಪತ್ರ ಬರೆದು ಪಾರಾಗಿಬಿಡುತ್ತಾರೆ. ಹಾಗಾಗಿ 17 ಜನರ ಅನರ್ಹತೆ ಸರಿ ಅಂತ ಕೋರ್ಟ್ ಎತ್ತಿಹಿಡಿಯಿತು.

ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು. ಎಷ್ಟು ವರ್ಷ ಅನರ್ಹ ಅಂತ ನಿಗದಿ ಮಾಡುವ ಅಧಿಕಾರ ಸ್ಪೀಕರ್‌ಗೆ ಇಲ್ಲ. ಸಂವಿಧಾನದಲ್ಲಿ ಹಾಗೆ ಎಲ್ಲೂ ಬರೆದಿಲ್ಲ. 2023ರವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನೋ ಭಾಗ ರದ್ದು. ಮರುದಿನವೇ 17ರಲ್ಲಿ 16 ಜನ ಬಿಜೆಪಿ ಸೇರಿದರು. 13 ಜನರಿಗೆ ಟಿಕೆಟ್ ಸಿಕ್ಕಿತು.

ಹಾಗಾದರೆ ರಾಜೀನಾಮೆ ಅಂಗೀಕಾರವಾಗಿ ಹೋದವರಿಗೂ ಅನರ್ಹರಾಗಿ ಹೋದವರಿಗೂ ಏನು ವ್ಯತ್ಯಾಸ ಉಳಿಯಿತು? ಇಬ್ಬರ ಸ್ಥಾನವೂ ಹೋಯಿತು, ಇಬ್ಬರೂ ಮತ್ತೆ ಚುನಾವಣೆಗೆ ನಿಲ್ಲಬಹುದು. ವ್ಯತ್ಯಾಸ ಇರೋದು ಮಂತ್ರಿ ಸ್ಥಾನದಲ್ಲಿ. ಸಾಮಾನ್ಯವಾಗಿ ಯಾರು ಬೇಕಾದರೂ ಶಾಸಕರಾಗದೆ ಆರು ತಿಂಗಳು ಮಂತ್ರಿಯಾಗಿರಬಹುದು. ರಾಜೀನಾಮೆ ಅಂಗೀಕಾರವಾದವರು ಮರುದಿನವೇ ಹಾಗೆ ಮಂತ್ರಿಯಾಗಬಹುದು. ಅನರ್ಹರಾದವರು ಆಗುವಂತಿಲ್ಲ. 2003ರ ತಿದ್ದುಪಡಿ 164(1ಬಿ) ಅನ್ನೋ ಉಪವಿಧಿಯನ್ನು ಇದಕ್ಕೇ ಸೇರಿಸಿತು. ಆ ಸದಸ್ಯತ್ವದ ಅವಧಿ ಮುಗಿಯಬೇಕು, ಇಲ್ಲಾ ವಿಧಾನಸಭೆಗೋ ಪರಿಷತ್ತಿಗೋ ಚುನಾವಣೆಗೆ ನಿಂತು ಗೆದ್ದು ಬರಬೇಕು. ಯಾವುದು ಮೊದಲೋ ಅದು. ಸಂಬಳ ಬರುವ ನಿಗಮ ಮಂಡಳಿ ಹುದ್ದೆಗಳಿಗೂ 361ಬಿ ವಿಧಿಯಲ್ಲಿ ಇದೇ ನಿಯಮ.

ವಿಶ್ವನಾಥ್ ಅವರಿಗೆ ಮುಂದೆ ಅಡ್ಡ ಬಂದದ್ದು ಈ ಸಾಲು.

ಹುಣಸೂರು ಕೊಟ್ಟ ಉತ್ತರ

ಉಪಚುನಾವಣೆ ನಡೆದದ್ದು ಡಿಸೆಂಬರ್ 5ರಂದು, 15 ಕ್ಷೇತ್ರಗಳಲ್ಲಿ. ಮಸ್ಕಿ ಮತ್ತು ರಾಜರಾಜೇಶ್ವರಿನಗರದ ಹಳೇ ಚುನಾವಣಾ ತಕರಾರು ಕೋರ್ಟ್‌ನಲ್ಲಿತ್ತು, ಅವು ಆಮೇಲೆ ನಡೆದವು. 9ರಂದು ಫಲಿತಾಂಶ. ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ 1. ಬಿಜೆಪಿ ಟಿಕೆಟ್ ಪಡೆದ 13 ಅನರ್ಹರಲ್ಲಿ 11 ಜನ ಗೆದ್ದರು. ಸೋತವರು ಇಬ್ಬರೇ. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಪಕ್ಷೇತರ ಶರತ್ ಬಚ್ಚೇಗೌಡ ಎದುರು ಸೋತರು. ಹುಣಸೂರಿನಲ್ಲಿ ವಿಶ್ವನಾಥ್, ಒಂದೂವರೆ ವರ್ಷದ ಹಿಂದೆ ತಾವೇ ಸೋಲಿಸಿದ್ದ ಮಂಜುನಾಥ್ ಎದುರು ಸೋತರು. ಅಂತರ 39 ಸಾವಿರಕ್ಕೂ ಜಾಸ್ತಿ.

ಜನ ಯಾಕೆ ಹೀಗೆ ಮಾಡಿದರು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಹುಣಸೂರಿನಲ್ಲಿ ಹಳೆಯ ಪೈಪೋಟಿ ಕಾಂಗ್ರೆಸ್ ಮತ್ತು ಜೆಡಿಎಸ್ ನಡುವೆ, ಬಿಜೆಪಿಗೆ ಅಲ್ಲಿ ಬೇರು ಕಡಿಮೆ. ಅಭ್ಯರ್ಥಿ ಪಕ್ಷ ಬದಲಿಸಿದ ಕೂಡಲೇ ಅವರ ಹಳೆಯ ಓಟು ಜೊತೆಗೆ ಬರಲ್ಲ, ಹೊಸ ಪಕ್ಷದ ಓಟು ಅಲ್ಲಿರಲಿಲ್ಲ. ಗೋಕಾಕ, ಯಲ್ಲಾಪುರದಂಥ ಕಡೆ ಅಭ್ಯರ್ಥಿಯ ಸ್ವಂತ ಬಲವೂ ಬಿಜೆಪಿಯ ಬಲವೂ ಕೂಡಿ ಕೆಲಸ ಮಾಡಿತು. ಪಕ್ಷಾಂತರಿಗಳನ್ನು ಜನ ಶಿಕ್ಷಿಸುತ್ತಾರೆ ಅಂತ ಕೆಲವರು, ಜನಕ್ಕೆ ಅದೆಲ್ಲ ಲೆಕ್ಕಕ್ಕೇ ಇಲ್ಲ ಅಂತ ಕೆಲವರು ಹೇಳುತ್ತಾರಲ್ಲ, ಎರಡಕ್ಕೂ ಇಲ್ಲಿ ಪೂರ್ತಿ ಆಧಾರ ಸಿಗಲ್ಲ. ಕ್ಷೇತ್ರ ಕ್ಷೇತ್ರಕ್ಕೂ ಬೇರೆ. 2023ರ ಹೊತ್ತಿಗೆ ಚಿತ್ರ ಮತ್ತೆ ಬದಲಾಯಿತು. 2019ರಲ್ಲಿ ಗೆದ್ದಿದ್ದ ಕೆ. ಸುಧಾಕರ್, ಬಿ.ಸಿ. ಪಾಟೀಲ್, ಕೆ.ಸಿ. ನಾರಾಯಣಗೌಡ ಆಗ ಸೋತರು. ಎಸ್.ಟಿ. ಸೋಮಶೇಖರ್, ರಮೇಶ ಜಾರಕಿಹೊಳಿ, ಶಿವರಾಮ ಹೆಬ್ಬಾರ್ ಮತ್ತೆ ಗೆದ್ದರು.

ಗೆದ್ದ 11ರಲ್ಲಿ 10 ಜನ 2020ರ ಫೆಬ್ರುವರಿ 6ರಂದು ಬಿಜೆಪಿ ಸರ್ಕಾರದಲ್ಲಿ ಮಂತ್ರಿಗಳಾದರು. ಗೆದ್ದು ಬಂದಿದ್ದರು, ಹಾಗಾಗಿ 164(1ಬಿ) ಅವರಿಗೆ ಅಡ್ಡ ಬರಲಿಲ್ಲ. ಸೋತ ಇಬ್ಬರ ಗತಿ ಏನು?

2020ರ ಜೂನ್‌ನಲ್ಲಿ ವಿಧಾನ ಪರಿಷತ್ತಿನ ಏಳು ಸ್ಥಾನಗಳಿಗೆ ಶಾಸಕರಿಂದ ಚುನಾವಣೆ ಬಂತು. ಬಿಜೆಪಿ ಎಂ.ಟಿ.ಬಿ. ನಾಗರಾಜ್ ಮತ್ತು ಆರ್. ಶಂಕರ್ ಅವರಿಗೆ ಟಿಕೆಟ್ ಕೊಟ್ಟಿತು. ಶಂಕರ್ ರಾಣೆಬೆನ್ನೂರಿನ ಅನರ್ಹ ಶಾಸಕರು, ಉಪಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಕ್ಕಿರಲಿಲ್ಲ. ವಿಶ್ವನಾಥ್ ಅವರಿಗೆ ಪರಿಷತ್ ಟಿಕೆಟ್ ಸಿಗಲಿಲ್ಲ. ಏಳು ಸ್ಥಾನಕ್ಕೆ ಏಳೇ ಜನ ಇದ್ದರು, ಎಲ್ಲರೂ ಅವಿರೋಧ ಆಯ್ಕೆ. ಜುಲೈನಲ್ಲಿ ವಿಶ್ವನಾಥ್ ಅವರನ್ನು ಸರ್ಕಾರದ ಶಿಫಾರಸಿನಂತೆ ರಾಜ್ಯಪಾಲರು ಪರಿಷತ್ತಿಗೆ ನಾಮಕರಣ ಮಾಡಿದರು, ಸಾಹಿತ್ಯ ಕ್ಷೇತ್ರದ ಹೆಸರಿನಲ್ಲಿ. ಅವರು ಪುಸ್ತಕಗಳನ್ನು ಬರೆದವರು.

ಅಲ್ಲಿಗೆ ಮೂವರೂ ಪರಿಷತ್ ಸದಸ್ಯರಾದರು. ಒಂದೇ ಸದನ, ಅದೇ ಸಂಬಳ. ಆದರೆ ಇಬ್ಬರು ‘ಆಯ್ಕೆ’ ಆದವರು, ಒಬ್ಬರು ‘ನಾಮಕರಣ’ ಆದವರು. ವಕೀಲರೊಬ್ಬರು ಹೈಕೋರ್ಟ್‌ಗೆ ಹೋದರು, ಈ ಮೂವರೂ ಮಂತ್ರಿಯಾಗುವಂತಿಲ್ಲ ಅಂತ. 2020ರ ನವೆಂಬರ್ 30ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಮಧ್ಯಂತರ ಆದೇಶ ಕೊಟ್ಟಿತು. 164(1ಬಿ)ಯಲ್ಲಿ ಇರೋದು ಚುನಾವಣೆಗೆ ನಿಂತು ಗೆದ್ದು ಬರಬೇಕು ಅನ್ನೋ ಮಾತು. ನಾಗರಾಜ್ ಮತ್ತು ಶಂಕರ್ ಚುನಾವಣೆ ಮೂಲಕ ಬಂದಿದ್ದಾರೆ, ಅವರಿಗೆ ಅಡ್ಡಿ ಇಲ್ಲ. ವಿಶ್ವನಾಥ್ ನಾಮಕರಣ ಆದವರು, ಆ ದಾರಿಯಿಂದ ಅನರ್ಹತೆ ತೊಳೆದುಹೋಗಲ್ಲ, ಮೇಲ್ನೋಟಕ್ಕೆ ಅವರು ಮಂತ್ರಿಯಾಗುವಂತಿಲ್ಲ ಅಂತ ಕೋರ್ಟ್ ಹೇಳಿತು. ವಿಶ್ವನಾಥ್ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2021ರ ಜನವರಿಯಲ್ಲಿ ಅಲ್ಲೂ ಅವರಿಗೆ ಜಯ ಸಿಗಲಿಲ್ಲ. ಅದೇ ತಿಂಗಳ 13ರಂದು ನಾಗರಾಜ್ ಮತ್ತು ಶಂಕರ್ ಮಂತ್ರಿಗಳಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು.

ನಾಲ್ಕು ದಶಕದ ರಾಜಕೀಯ, ಮೂರು ಪಕ್ಷ, ಎರಡು ಸಲ ಮಂತ್ರಿಗಿರಿ, ಒಂದು ಸಲ ಸಂಸತ್ತು, ಎಲ್ಲ ದಾಟಿ ಬಂದವರನ್ನು ಆಯ್ಕೆ ಮತ್ತು ನಾಮಕರಣದ ನಡುವಿನ ಗೆರೆ ತಡೆದು ನಿಲ್ಲಿಸಿತು. ಹೈಕೋರ್ಟ್ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸಂವಿಧಾನದ ಆ ಸಾಲಿನ ಉದ್ದೇಶ ಸ್ಪಷ್ಟ ಇದೆ, ಜನ ಕೊಟ್ಟ ಸ್ಥಾನವನ್ನು ಮುರಿದವರು ಜನರ ಹತ್ತಿರ ಮತ್ತೆ ಹೋಗಿ ಒಪ್ಪಿಗೆ ತರಬೇಕು. ಸರ್ಕಾರವೇ ಹೆಸರು ಕಳಿಸಿ ಕೊಡಿಸುವ ಸ್ಥಾನದಿಂದ ಆ ಒಪ್ಪಿಗೆ ಬರಲ್ಲ.

ಆದರೆ ಇದೇ ಮಾತನ್ನು ಮುಂದುವರಿಸಿದರೆ ನಾಗರಾಜ್ ಪ್ರಕರಣ ಒಪ್ಪೋಕೆ ಕಷ್ಟ ಆಗುತ್ತೆ. ಹೊಸಕೋಟೆಯ ಜನ ಅವರನ್ನು ನೇರವಾಗಿ ಸೋಲಿಸಿದ್ದರು. ಆರು ತಿಂಗಳಲ್ಲಿ ಅವರದೇ ಪಕ್ಷದ ಶಾಸಕರ ಬಲದಿಂದ, ಒಂದೇ ಒಂದು ಮತವೂ ಬೀಳದೆ, ಅವಿರೋಧವಾಗಿ ಆದ ಆಯ್ಕೆ ಕಾನೂನಿನ ಕಣ್ಣಲ್ಲಿ ಗೆಲುವೇ ಆಯಿತು. ಇದು ಕೋರ್ಟ್‌ನ ತಪ್ಪಲ್ಲ. ವಿಧಾನಸಭೆ ಅಥವಾ ಪರಿಷತ್ತು ಅಂತ ಆ ಉಪವಿಧಿಯಲ್ಲೇ ಬರೆದಿದೆ, ಕೋರ್ಟ್ ಅದನ್ನು ಅಳಿಸೋಕಾಗಲ್ಲ. ಬದಲಿಸಬೇಕಾದದ್ದು ಸಂಸತ್ತು. ವಿಧಾನಸಭೆಯ ಸ್ಥಾನದಿಂದ ಅನರ್ಹರಾದವರು ಜನರ ನೇರ ಓಟಿನಿಂದಲೇ ಗೆದ್ದು ಬರಬೇಕು ಅಂತ ಒಂದು ಸಾಲು ತಿದ್ದಿದರೆ ಈ ಬಾಗಿಲು ಮುಚ್ಚುತ್ತೆ. ಪರಿಷತ್ತು ಇರೋದೇ ಕರ್ನಾಟಕವೂ ಸೇರಿ ಬೆರಳೆಣಿಕೆಯ ರಾಜ್ಯಗಳಲ್ಲಿ, ಹಾಗಾಗಿ ಉಳಿದ ರಾಜ್ಯಗಳ ಅನರ್ಹರಿಗೆ ಈ ಅನುಕೂಲವೇ ಇಲ್ಲ. ಇದೂ ಒಂದು ಅನ್ಯಾಯ.

ವಿಪ್ ಬಗ್ಗೆಯೂ ಎರಡು ಮಾತು ಹೇಳಬೇಕು. ಶಾಸಕನಿಗೆ ತನ್ನ ಬುದ್ಧಿಯಿಂದ ಮತ ಹಾಕುವ ಹಕ್ಕನ್ನು ಈ ಕಾನೂನು ಕಿತ್ತುಕೊಂಡಿದೆ ಅನ್ನೋ ದೂರಿನಲ್ಲಿ ಸತ್ಯ ಇದೆ. ಒಂದು ಸಾಮಾನ್ಯ ಮಸೂದೆಗೂ ವಿಪ್ ಕೊಟ್ಟರೆ ಎಲ್ಲರೂ ಕೈ ಎತ್ತಬೇಕು. ತನ್ನ ಕ್ಷೇತ್ರಕ್ಕೆ ಅನ್ಯಾಯ ಆಗುತ್ತೆ ಅಂತ ಗೊತ್ತಿದ್ದರೂ ಎತ್ತಬೇಕು. ವಿಶ್ವಾಸಮತ ಮತ್ತು ಬಜೆಟ್‌ಗೆ ಮಾತ್ರ ವಿಪ್ ಸಾಕು ಅಂತ ಬಹಳ ಜನ ಹೇಳಿದ್ದಾರೆ, ನಾನೂ ಒಪ್ಪುತ್ತೇನೆ. ರಾಜ್ಯಸಭಾ ಚುನಾವಣೆಗಂತೂ ಈ ಕಾನೂನು ಅನ್ವಯಿಸೋದೇ ಇಲ್ಲ, ಅದು ಸದನದ ಒಳಗಿನ ಮತದಾನ ಅಲ್ಲ. 2024ರ ಫೆಬ್ರುವರಿಯಲ್ಲಿ ಸೋಮಶೇಖರ್ ಬಿಜೆಪಿಯಲ್ಲಿದ್ದುಕೊಂಡೇ ಕಾಂಗ್ರೆಸ್‌ಗೆ ಮತ ಹಾಕಿದರು, ಹೆಬ್ಬಾರ್ ಮತದಾನಕ್ಕೇ ಹೋಗಲಿಲ್ಲ. ಇಬ್ಬರ ಸ್ಥಾನವೂ ಉಳಿಯಿತು. 2025ರಲ್ಲಿ ಪಕ್ಷ ಅವರನ್ನು ಉಚ್ಚಾಟಿಸಿತು. ಉಚ್ಚಾಟನೆ ಅಂದರೆ ಪಕ್ಷವೇ ಹೊರಗೆ ಹಾಕಿದ್ದು, ಅವರಾಗಿ ಬಿಟ್ಟದ್ದಲ್ಲ. ಹಾಗಾಗಿ ಅದೊಂದರಿಂದಲೇ ಸ್ಥಾನ ಹೋಗಲ್ಲ.

ತೀರ್ಪು ಹೇಳೋದು ಯಾರು

ಈ ಇಡೀ ವ್ಯವಸ್ಥೆಯ ದುರ್ಬಲ ಜಾಗ ಸ್ಪೀಕರ್ ಕುರ್ಚಿ. ಅನರ್ಹತೆಯ ದೂರು ತೀರ್ಮಾನ ಮಾಡೋದು ಅವರು. ಸ್ಪೀಕರ್ ಅಂದರೆ ಆಳುವ ಪಕ್ಷದ ಟಿಕೆಟ್‌ನಲ್ಲಿ ಗೆದ್ದವರು, ಮುಂದಿನ ಚುನಾವಣೆಗೂ ಅದೇ ಪಕ್ಷದ ಟಿಕೆಟ್ ಬೇಕಾದವರು. ಆಡುವ ತಂಡದವರನ್ನೇ ಅಂಪೈರ್ ಮಾಡಿದ ಹಾಗೆ. 1992ರಲ್ಲಿ ಕಿಹೋಟೋ ಹೊಲ್ಲೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪೀಕರ್ ಅಧಿಕಾರವನ್ನು ಒಪ್ಪಿತು, ಆದರೆ ಅವರ ತೀರ್ಮಾನವನ್ನು ಕೋರ್ಟ್ ಪರಿಶೀಲಿಸಬಹುದು ಅಂದಿತು. ತೊಡಕು ಏನಂದರೆ, ತೀರ್ಮಾನ ಬಂದ ಮೇಲೆ ತಾನೇ ಪರಿಶೀಲಿಸೋದು? ತೀರ್ಮಾನವನ್ನೇ ಮಾಡದೆ ಕೂತರೆ?

ಕರ್ನಾಟಕ ಅವಸರದ ತೀರ್ಮಾನಕ್ಕೆ ಉದಾಹರಣೆ. 2010ರ ಅಕ್ಟೋಬರ್‌ನಲ್ಲಿ ಬಿಜೆಪಿಯ 11 ಶಾಸಕರು ಮತ್ತು 5 ಪಕ್ಷೇತರರು ಮುಖ್ಯಮಂತ್ರಿ ಯಡಿಯೂರಪ್ಪ ಅವರಿಗೆ ಬೆಂಬಲ ಇಲ್ಲ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟರು. ಕೆಲವೇ ದಿನದಲ್ಲಿ, ವಿಶ್ವಾಸಮತದ ಹಿಂದಿನ ದಿನ, ಸ್ಪೀಕರ್ ಕೆ.ಜಿ. ಬೋಪಯ್ಯ 16 ಜನರನ್ನೂ ಅನರ್ಹಗೊಳಿಸಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮುಖ್ಯಮಂತ್ರಿ ಬೇಡ ಅನ್ನೋದು ಪಕ್ಷ ಬಿಟ್ಟ ಹಾಗಲ್ಲ, ಉತ್ತರ ಕೊಡೋಕೆ ಸರಿಯಾದ ಸಮಯವನ್ನೂ ಕೊಟ್ಟಿಲ್ಲ ಅಂತ. ಅಷ್ಟು ಹೊತ್ತಿಗೆ ವಿಶ್ವಾಸಮತ ಮುಗಿದು ಏಳು ತಿಂಗಳಾಗಿತ್ತು, ಸರ್ಕಾರ ಉಳಿದಿತ್ತು.

ಮಣಿಪುರ ಇದರ ಉಲ್ಟಾ. ಅಲ್ಲಿ 2017ರಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಶಾಸಕರೊಬ್ಬರು ನೇರ ಹೋಗಿ ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು. ದೂರು ವರ್ಷಗಟ್ಟಲೆ ಸ್ಪೀಕರ್ ಮುಂದೆ ಕೂತಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಇಂಥ ದೂರು ಮುಗಿಸಬೇಕು ಅಂದಿತು, ಕೊನೆಗೆ ತನ್ನ ವಿಶೇಷ ಅಧಿಕಾರ ಬಳಸಿ ಆ ಮಂತ್ರಿಯನ್ನು ಸಂಪುಟದಿಂದಲೇ ತೆಗೆಯಿತು. 2025ರ ಜುಲೈ 31ರಂದು ತೆಲಂಗಾಣದ ಬಿಆರ್‌ಎಸ್‌ನ 10 ಶಾಸಕರ ಪ್ರಕರಣದಲ್ಲೂ ಅದೇ ಮೂರು ತಿಂಗಳ ಮಾತು ಬಂತು. ಈ ಕೆಲಸ ಸ್ಪೀಕರ್ ಕೈಯಲ್ಲೇ ಇರಬೇಕಾ ಅಂತ ಸಂಸತ್ತು ಯೋಚಿಸಲಿ ಅಂತಲೂ ಕೋರ್ಟ್ ಹೇಳಿತು.

ಯೋಚಿಸಬೇಕಾದ ಸಂಸತ್ತಿನಲ್ಲಿ ಕೂತಿರೋದು ಇದೇ ಪಕ್ಷಗಳು. ಒಂದು ರಾಜ್ಯದಲ್ಲಿ ಸ್ಪೀಕರ್ ನಿಧಾನದಿಂದ ಲಾಭ ಆದ ಪಕ್ಷಕ್ಕೆ ಇನ್ನೊಂದು ರಾಜ್ಯದಲ್ಲಿ ಅದರಿಂದಲೇ ನಷ್ಟ ಆಗಿದೆ. ಬಿಜೆಪಿ, ಕಾಂಗ್ರೆಸ್, ಬಿಆರ್‌ಎಸ್ ಎಲ್ಲರೂ ಎರಡೂ ಕಡೆ ನಿಂತು ನೋಡಿದ್ದಾರೆ. ಹಾಗಾಗಿ ನಮ್ಮ ಕ್ಷೇತ್ರದ ಸಂಸದರು ಓಟು ಕೇಳೋಕೆ ಬಂದಾಗ ಅವರ ಮುಂದೆ ಎರಡು ಪ್ರಶ್ನೆ ಇಡಬಹುದು. ಅನರ್ಹತೆಯ ದೂರನ್ನು ಸ್ಪೀಕರ್ ಕೈಯಿಂದ ತೆಗೆದು ನ್ಯಾಯಮಂಡಳಿಗೆ ಕೊಡೋಕೆ ನೀವು ಮತ ಹಾಕುತ್ತೀರಾ? ಅನರ್ಹರಾಗಿ, ಆಮೇಲೆ ಚುನಾವಣೆಯಲ್ಲೂ ಸೋತವರು ಪರಿಷತ್ ಮೂಲಕ ಮಂತ್ರಿಯಾಗುವ ದಾರಿ ಮುಚ್ಚೋಕೆ ಒಪ್ಪುತ್ತೀರಾ?